ಕೈಗುಣವೂ ನೋಂದಣಿ ಸಂಖ್ಯೆಯೂ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಾರವಾದರೂ ಬಿಡದ ಜ್ವರ ಇಂಥವಕ್ಕೆ ಫಿಜಿಶಿಯನ್ ಒಬ್ಬರನ್ನು ಹುಡುಕುವಾಗ ಅವರ ಪದವಿ, ನೋಂದಣಿಗಳನ್ನು ರೋಗಿಯೇ ಪರಿಶೀಲಿಸಬೇಕೆ? ನಮ್ಮಲ್ಲಿ ಬಹುಪಾಲು ಜನ ಪರಿಚಯದವರ ಮಾತು ನಂಬಿ ಹೋಗುತ್ತಾರೆ.

ಪರಿಶೀಲಿಸಬೇಕು ಎನ್ನುವವರ ಮುಖ್ಯ ಕಾರಣ ಹಗುರವಾದದ್ದಲ್ಲ. ಇಂಥ ಕಾಯಿಲೆಗಳ ಚಿಕಿತ್ಸೆಯಲ್ಲಿ ತಪ್ಪು ಬೇಗ ಹೊರಬೀಳುವುದಿಲ್ಲ. ಹತೋಟಿಗೆ ಬಾರದ ಸಕ್ಕರೆ ಕಣ್ಣನ್ನೋ ಮೂತ್ರಪಿಂಡವನ್ನೋ ಕೆಡಿಸಿದ್ದು ತಿಳಿಯುವುದು ಎಷ್ಟೋ ವರ್ಷಗಳ ಮೇಲೆ. ಸ್ಟಿರಾಯ್ಡ್ ಕೊಟ್ಟರೆ ಕೀಲುನೋವು, ಜ್ವರ ಬೇಗನೆ ಇಳಿದಂತೆ ಕಾಣಬಹುದು. ಅದನ್ನೇ ಜನ ಕೈಗುಣವೆಂದು ಕೊಂಡಾಡಲೂಬಹುದು. ಹಾಗಾಗಿ ಎಂಬಿಬಿಎಸ್ ನಂತರ ಮೂರು ವರ್ಷ ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ತರಬೇತಿ ಪಡೆದಿದ್ದಾರೆಯೇ ಎಂದು ನೋಡುವುದು ಅನುಮಾನವಲ್ಲ, ಎಚ್ಚರ. ದಾರಿಯೂ ಇದೆ. ಔಷಧಿ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕೆಂದು ವೈದ್ಯರ ವೃತ್ತಿನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಆ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು; ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ಪಟ್ಟಿಯಲ್ಲೂ ಹುಡುಕಬಹುದು.

ಎದುರುವಾದಕ್ಕೂ ತೂಕವಿದೆ. ನೋಂದಣಿ ಹೇಳುವುದು ಕನಿಷ್ಠ ಅರ್ಹತೆಯನ್ನಷ್ಟೇ. ವೈದ್ಯರು ರೋಗಿಯ ಮಾತಿಗೆ ಕಿವಿಗೊಡುತ್ತಾರೆಯೇ, ಬೇಡದ ಪರೀಕ್ಷೆ ಬರೆಯುತ್ತಾರೆಯೇ, ತಮಗೆ ತಿಳಿಯದಿದ್ದರೆ ಮುಂದಿನವರ ಬಳಿಗೆ ಕಳಿಸುತ್ತಾರೆಯೇ ಎಂಬುದನ್ನು ಹೇಳಬಲ್ಲವರು ಅಕ್ಕಪಕ್ಕದವರೇ. ಎಂ.ಡಿ. ಇಲ್ಲದೆಯೂ ದಶಕಗಳಿಂದ ಒಂದು ತಾಲ್ಲೂಕಿನ ಆರೋಗ್ಯ ಕಾಯ್ದ ಎಂಬಿಬಿಎಸ್ ವೈದ್ಯರಿದ್ದಾರೆ. ಅವರನ್ನು ಪದವಿಯಿಂದಷ್ಟೇ ಅಳೆಯುವುದು ಅನ್ಯಾಯ. ಪಟ್ಟಿಯಲ್ಲಿ ಹುಡುಕಲು ಇಂಗ್ಲಿಷ್ ಬೇಕು, ಇಂಟರ್ನೆಟ್ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್‌ಗಳನ್ನು ನೋಂದಾಯಿಸಿ ಗಮನಿಸುವ ಹೊಣೆ ಜಿಲ್ಲಾ ಪ್ರಾಧಿಕಾರದ್ದು. ಆ ಹೊಣೆಯನ್ನು ಕಾಯಿಲೆಯವರ ತಲೆಗೆ ಕಟ್ಟುವುದು ಎಷ್ಟು ಸರಿ?

ಈ ಕೊನೆಯ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಪ್ರಾಧಿಕಾರ ಸೋತ ಕಡೆ ನಷ್ಟ ಅನುಭವಿಸುವವರು ರೋಗಿಗಳೇ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆ ಹೇಳುತ್ತದೆ; ಆ ಶಿಕ್ಷೆಯಿಂದ ಕೆಟ್ಟ ಮೂತ್ರಪಿಂಡ ಮರಳಿ ಬಾರದು.

ಆದ್ದರಿಂದ ಎರಡನ್ನೂ ಅವುಗಳ ಜಾಗದಲ್ಲಿ ಇಡುವುದು ಮೇಲೆಂದು ತೋರುತ್ತದೆ. ಎದೆನೋವು ಬಂದಾಗ ಪಟ್ಟಿ ಹುಡುಕುತ್ತ ಕೂರಬಾರದು. ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ವರ್ಷಗಟ್ಟಲೆ ಮಾತ್ರೆ ನುಂಗಬೇಕಾದ ಕಾಯಿಲೆಯಾದರೆ ಒಮ್ಮೆ ಸಂಖ್ಯೆಯನ್ನು ನೋಡಿಬಿಡಬೇಕು. ಹೆಸರೋ ಪದವಿಯೋ ಸಿಗಲಿಲ್ಲವೆಂದ ಮಾತ್ರಕ್ಕೆ ವಂಚನೆಯೆಂದು ತೀರ್ಮಾನಿಸಬಾರದು: ಅವರು ಬೇರೆ ರಾಜ್ಯದಲ್ಲಿ ನೋಂದಾಯಿಸಿರಬಹುದು, ಮೇಲಿನ ಪದವಿ ಪಟ್ಟಿಗೆ ಇನ್ನೂ ಸೇರಿರದೆ ಇರಬಹುದು. ಅವರನ್ನೇ ವಿನಯದಿಂದ ಕೇಳಿ. ನೋಂದಣಿ ಖಚಿತವಾದ ಮೇಲೆ ನೆರೆಯವರ ಅನುಭವಕ್ಕೆ, ನಿಮ್ಮ ಅನುಭವಕ್ಕೆ ಬೆಲೆ ಕೊಡಿ. ಮನೆಯ ಹಿರಿಯರು ಇಂಗ್ಲಿಷ್ ಓದಲಾರದವರಾದರೆ, ಅವರ ಚೀಟಿಯ ಸಂಖ್ಯೆಯನ್ನು ಮಕ್ಕಳು ನೋಡಿಕೊಡಲಿ.