ಸಂಬಳ ನಿಂತಾಗ ಸುದ್ದಿ ಯಾವುದು?

ಜಿಂದಾಲರ ಒಡೆತನದ ಬೆಂಗಳೂರು ಎಫ್.ಸಿ. ಫುಟ್‌ಬಾಲ್ ಕ್ಲಬ್ಬು 2025ರ ಆಗಸ್ಟಿನಲ್ಲಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ ಕರಾರು ಆ ಡಿಸೆಂಬರಿಗೆ ಮುಗಿಯಲಿತ್ತು. ಹೊಸ ಕರಾರು ಆಗದೆ ಪಂದ್ಯಾವಳಿಯೇ ನಿಂತಿತ್ತು.

ಆಗ ನಮ್ಮ ಕೊಣನೂರಿನ ಅಂಗಡಿ ಜಗಲಿಯವರೆಗೂ ಬಂದ ಸುದ್ದಿ ಯಾವುದು? ಯಾರು ತಂಡ ಬಿಡುವರು, ಯಾರನ್ನು ಯಾರು ಎಷ್ಟಕ್ಕೆ ಕೊಳ್ಳುವರು ಎಂಬುದೇ! ಇದನ್ನು ಓದಿ ಅಭಿಮಾನಿಗಳು ಪತ್ರಿಕೆಗಳ ಮೇಲೆ ಸಿಟ್ಟಾದರೆ ನಾವು ತಪ್ಪೆನ್ನುವುದಿಲ್ಲ. ಆದರೆ ತಂಡದ ಮಾನಕ್ಕೆ ಕುಂದು ಬಂತೆಂಬುದಷ್ಟೇ ಆ ಸಿಟ್ಟಿಗೆ ಕಾರಣವಾಗಬಾರದು. ಹೆಸರಾದ ಆಟಗಾರನಿಗೆ ಕೂಡಿಟ್ಟ ಹಣವಿದ್ದೀತು; ಸಣ್ಣ ನೌಕರನ ಗತಿಯೇನು?

ಗಿರಣಿಯ ಬಾಗಿಲು ಮುಚ್ಚಿದ ದಿನ ಪತ್ರಿಕೆಯು ಮಾಲೀಕರ ಮನೆಯ ಮದುವೆಯನ್ನು ವರ್ಣಿಸಿದರೆ ಕಾರ್ಮಿಕನು ಸುಮ್ಮನಿರುವನೆ? ಕೂಲಿ ನಿಂತರೆ ಸಾಲದ ಲೆಕ್ಕ ಬೆಳೆಯುವುದನ್ನು ಅಂಗಡಿಯವನೂ ಬಲ್ಲ.

ಅಭಿಮಾನಿಗಳೇ, ಗ್ಯಾಲರಿಯಲ್ಲಿ ನಿಮ್ಮ ದನಿ ದೊಡ್ಡದು. ಸಂಬಳ ನಿಂತರೆ ಹೊಣೆ ಯಾರು ಎಂದು ಮಾಲೀಕರನ್ನೂ ಪತ್ರಿಕೆಗಳನ್ನೂ ಕೇಳಿರಿ. ಉತ್ತರ ಬರುವವರೆಗೆ ಉಳಿದದ್ದೆಲ್ಲ ಗಾಳಿಮಾತು.