ರಂಗಭೂಮಿಗೂ ದಾಸೋಹದ ಆಸರೆ

ಹನ್ನೆರಡನೆಯ ಶತಮಾನದ ಶರಣಸಂಕುಲದಲ್ಲಿ ಬಹುರೂಪಿ ಚೌಡಯ್ಯನೆಂಬ ಶರಣನಿದ್ದನು. ವೇಷ ಧರಿಸಿ ಜನರನ್ನು ರಂಜಿಸುವುದೇ ಅವನ ಕಾಯಕ. ನಗೆಯ ಮಾರಿತಂದೆಯು ಜನರನ್ನು ನಗಿಸಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸುತ್ತಿದ್ದನೆಂದು ಪ್ರತೀತಿ. ಕಲೆಯನ್ನು ಹೊತ್ತು ಕಳೆಯುವ ಆಟವೆಂದು ಶರಣರು ಬಗೆಯಲಿಲ್ಲ. ಒಕ್ಕಲುತನ, ನೇಯ್ಗೆಗಳಿಗೆ ಸಮನಾದ ಕಾಯಕವೆಂದೇ ಮನ್ನಿಸಿದರು. ಇಂದು ಊರ ನಾಟಕ ದುಬಾರಿಯಾಗಿ, ತರುಣರು ಅದರಿಂದ ದೂರ ಸರಿಯುತ್ತಿರುವುದನ್ನು ಕಾಣುವಾಗ ನಮಗೆ ಈ ಶರಣರೇ ನೆನಪಾಗುತ್ತಾರೆ.

ಕಳೆದ ವರ್ಷ ಜಾತ್ರೆಯೊಂದರ ನಾಟಕಕ್ಕೆ ನಾವು ಹೋಗಿದ್ದೆವು. ಏಳು ಗಂಟೆಗೆ ಆರಂಭವೆಂದು ಸಾರಿದ್ದರೂ ಪರದೆ ಮೇಲೆದ್ದದ್ದು ಹತ್ತರ ಸುಮಾರಿಗೆ. ನಡುವಿನ ಹೊತ್ತೆಲ್ಲ ಹಾರ, ಸನ್ಮಾನ, ಭಾಷಣಗಳಿಗೆ ಸಂದಿತು. ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದ ನಾವೂ ಈ ತಪ್ಪಿನಲ್ಲಿ ಪಾಲುದಾರರು. ಪರದೆ ಏಳುವ ವೇಳೆಗೆ ಗಣ್ಯರ ಕುರ್ಚಿಗಳು ಬರಿದಾಗಿದ್ದವು. ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ರಿಸಿದ್ದರು. ಟಿಕೇಟಿಗೆ ಹಣವಿಲ್ಲದ ಹುಡುಗರು ತಟ್ಟಿಯ ಸಂದಿಯಲ್ಲಿ ಇಣುಕಿ, ಬೇಸತ್ತು, ಮೊಬೈಲ್ ನೋಡುತ್ತ ಹೊರಟುಹೋಗಿದ್ದರು. ಹುಡುಗರಿಗೆ ಅಭಿರುಚಿಯೇ ಇಲ್ಲವೆಂದು ಹಿರಿಯರೊಬ್ಬರು ಮರುಗಿದರು. ಮೂರು ತಾಸು ಕಾಯಿಸಿದವರು ಯಾರೆಂದು ನಾವು ನಮ್ಮನ್ನೇ ಕೇಳಿಕೊಂಡೆವು.

ಹಾಗಾದರೆ ಪ್ರವೇಶವನ್ನು ಉಚಿತಗೊಳಿಸಿದರೆ ಸಾಕೇ? ಸಾಲದು. ಸೀನರಿಯ ಬಾಡಿಗೆ, ಬೆಳಕು, ಧ್ವನಿವರ್ಧಕ, ಹಾರ್ಮೋನಿಯಂ ಮಾಸ್ತರರ ಹಾಗೂ ಪರಊರಿನಿಂದ ಬರುವ ಕಲಾವಿದೆಯರ ಸಂಭಾವನೆ ಇವೆಲ್ಲ ಯಾರದೋ ತಲೆಯ ಮೇಲೆ ಬೀಳಲೇಬೇಕು. ಪಾತ್ರ ವಹಿಸಿದ ತರುಣರೇ ಸಾಲ ಮಾಡಿ ತೀರಿಸಿದ ಪ್ರಸಂಗಗಳನ್ನು ನಾವು ಬಲ್ಲೆವು. ಕಾಯಕ ಮಾಡಿದವರ ಕೈ ಬರಿದು ಮಾಡುವುದು ಶರಣಧರ್ಮವಲ್ಲ. ಹಣವಿಲ್ಲವೆಂದು ಮಗುವನ್ನು ಬಾಗಿಲಲ್ಲಿ ತಡೆಯುವುದೂ ಶರಣಧರ್ಮವಲ್ಲ. ಇವೆರಡಕ್ಕೂ ಪರಿಹಾರ ದಾಸೋಹದಲ್ಲಿಯೇ ಉಂಟು. ಜಾತ್ರೆಯ ಪ್ರಸಾದಕ್ಕೆ ಮನೆಮನೆಯಿಂದ ಜೋಳ, ಅಕ್ಕಿ, ಬೆಲ್ಲ ಬರುತ್ತದೆ. ಕೊಟ್ಟವನೂ ಕೊಡಲಾರದವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನಾಟಕದ ವೆಚ್ಚವೂ ಹೀಗೆಯೇ ಹಂಚಿಹೋಗಲಿ.

ಮಠವೂ ಊರೂ ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನಿದರ್ಶನ. ಅಲ್ಲಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ತಂಡವನ್ನು ಕಟ್ಟಿದರು. ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿಕೊಂಡು ನಾಡು ಸುತ್ತುವುದು ಅದರ ಪದ್ಧತಿ. ನಾಟಕವೇ ಹಳ್ಳಿಗೆ ಬಂದರೆ ಪಟ್ಟಣಕ್ಕೆ ಹೋಗಿ ನೋಡುವ ಖರ್ಚು ಮನೆಗೆ ಉಳಿಯುತ್ತದೆ. 2019ರ ಆಗಸ್ಟಿನಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದ ‘ಮತ್ತೆ ಕಲ್ಯಾಣ’ ಅಭಿಯಾನದಲ್ಲಿ ಹಗಲು ವಿದ್ಯಾರ್ಥಿಗಳೊಡನೆ ಸಂವಾದ, ಸಂಜೆ ಸಾರ್ವಜನಿಕ ಸಭೆ, ಅನಂತರ ಸೌದೆ ಮಾರುವ ಕಾಯಕದ ಶರಣನನ್ನು ಕುರಿತ ‘ಮೋಳಿಗೆ ಮಾರಯ್ಯ’ ನಾಟಕ ನಡೆದವು. ಈ ಕ್ರಮದಲ್ಲಿ ಒಂದು ಪಾಠವಿದೆ. ಹಗಲು ಪ್ರಶ್ನೆ ಕೇಳಿದ ತರುಣನಿಗೆ ಇರುಳಿನ ನಾಟಕ ತನ್ನದೆನಿಸುತ್ತದೆ.

ಆದುದರಿಂದ ಜಾತ್ರಾ ಸಮಿತಿಯ ಬಂಧುಗಳಲ್ಲಿ ನಮ್ಮದು ಕೆಲವು ಅರಿಕೆ. ಎರಡು ತಿಂಗಳು ಮೊದಲೇ ಮನೆಗೊಂದು ಪಾಲು ಎತ್ತಿರಿ. ಹಣವಿಲ್ಲದವರು ಒಂದು ಸೇರು ಜೋಳವನ್ನೋ ಒಂದು ದಿನದ ದುಡಿಮೆಯನ್ನೋ ನೀಡಲಿ. ಕಲಾವಿದರ ಸಂಭಾವನೆಯನ್ನು ಮೊದಲು ತೆಗೆದಿಡಿರಿ. ತಾಲೀಮಿಗೆ ಶಾಲೆಯ ಮಕ್ಕಳನ್ನು ಕರೆಯಿರಿ. ಪರದೆ ಎಳೆಯುವ, ಬಣ್ಣ ಹಚ್ಚುವ ಕೆಲಸ ಅವರಿಗೂ ಇರಲಿ. ಮುಂದಿನ ಸಾಲು ಅವರದಾಗಲಿ. ನಾಟಕ ಎರಡು ತಾಸಿನಲ್ಲಿ ಮುಗಿಯಲಿ. ಪಾತ್ರ ಮಾಡಲು ಬಯಸುವ ಊರಿನ ಹೆಣ್ಣುಮಕ್ಕಳಿಗೆ ಅಡ್ಡಿ ಬೇಡ. ಅಕ್ಕಮಹಾದೇವಿಯನ್ನು ಪೂಜಿಸುವ ಮನೆ, ಅಕ್ಕನ ಪಾತ್ರವಾಡಲು ಹೊರಟ ಮಗಳನ್ನು ತಡೆಯುವುದು ಯಾವ ನ್ಯಾಯ?

ಸನ್ಮಾನಗಳು ನಾಟಕ ಮುಗಿದ ಮೇಲೆ ನಡೆಯಲಿ. ನಮ್ಮನ್ನು ಉಪನ್ಯಾಸಕ್ಕೆ ಕರೆಯುವವರು ಇನ್ನು ಮುಂದೆ ಹತ್ತು ನಿಮಿಷ ಕೊಟ್ಟರೆ ಸಾಕು. ಏಳು ಗಂಟೆಗೆ ಸರಿಯಾಗಿ ಪರದೆ ಏಳಲಿ. ನಾವು ಮಕ್ಕಳ ಹಿಂದಿನ ಸಾಲಿನಲ್ಲಿ ಕುಳಿತು ನೋಡುವೆವು.