‘ವಿಕಿಪೀಡಿಯಾದಲ್ಲೇ ಇದೆ’ ಅಂದರೆ ಸಾಕೇ? ಬರೆದವರು ಯಾರು ಎಂದು ತಿಳಿಯುವುದು ಹೇಗೆ?

‘ವಿಕಿಪೀಡಿಯಾದಲ್ಲೇ ಇದೆ ನೋಡಿ’ ಎಂಬ ಒಕ್ಕಣೆಯ ಸ್ಕ್ರೀನ್‌ಶಾಟ್‌ಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಆ ಸಾಲನ್ನು ಯಾರು, ಯಾವಾಗ ಸೇರಿಸಿದರು ಎಂಬುದು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಲು ದಾರಿಯಿದೆಯೇ? ನೋಡೋಣ.

ವಿಕಿಪೀಡಿಯಾದ ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಭಾಗವಿದೆ. ಪ್ರತಿ ತಿದ್ದುಪಡಿಯ ದಿನಾಂಕ, ಸಮಯ ಮತ್ತು ತಿದ್ದಿದ ಖಾತೆಯ ಹೆಸರು ಅಲ್ಲಿ ದಾಖಲಾಗುತ್ತದೆ. ಆದರೆ ಅದು ಖಾತೆಯ ಹೆಸರು ಅಷ್ಟೇ. ಅದರ ಹಿಂದಿರುವ ವ್ಯಕ್ತಿ ಯಾರು ಎಂಬುದಕ್ಕೆ ಪುರಾವೆಯಲ್ಲ.

2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಇದು ಕಹಿ ಅನುಭವವಾಯಿತು. ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆ ಇತ್ತು ಎಂಬ ಶುದ್ಧ ಸುಳ್ಳು ಇಂಗ್ಲಿಷ್ ವಿಕಿಪೀಡಿಯಾದಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಉಳಿದಿತ್ತು. ಇತಿಹಾಸದಲ್ಲಿ ಸಿಕ್ಕಿದ್ದು ಒಂದು ಐಪಿ ವಿಳಾಸ ಮಾತ್ರ. ಅದರ ಜಾಡು ಒಂದು ಕಂಪನಿಯ ಕಚೇರಿಯವರೆಗೆ ಹೋಯಿತು. ಕೊನೆಗೆ ಅಲ್ಲಿನ ಉದ್ಯೋಗಿಯೊಬ್ಬರು, ಸಹೋದ್ಯೋಗಿಗೆ ತಮಾಷೆ ಮಾಡಲು ತಾವೇ ಬರೆದದ್ದಾಗಿ ಒಪ್ಪಿಕೊಂಡರು. ಆ ಡಿಸೆಂಬರ್‌ನಿಂದ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಹೊಸ ಪುಟ ಆರಂಭಿಸಲು ಖಾತೆ ಕಡ್ಡಾಯವಾಯಿತು.

ತಂತ್ರಜ್ಞರ ಲೋಕದಲ್ಲೂ ಇದೇ ಸಮಸ್ಯೆಯಿದೆ. ಕೆಲವು ವಿಕಿಗಳು ತಮ್ಮ ಪುಟಗಳನ್ನು ‘ಗಿಟ್’ ಎಂಬ ತಂತ್ರಾಂಶದಲ್ಲಿ ಇಡುತ್ತವೆ. ಇದನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದರು. ಇದರಲ್ಲಿ ದಾಖಲಾಗುವ ಪ್ರತಿ ಬದಲಾವಣೆಗೆ ‘ಕಮಿಟ್’ ಎಂದು ಹೆಸರು. ಕಮಿಟ್‌ನಲ್ಲಿ ಬರೆದವರ ಹೆಸರು, ದಾಖಲಿಸಿದವರ ಹೆಸರು ಎಂಬ ಎರಡು ಜಾಗಗಳಿವೆ. ನಾವು ಬ್ರೌಸರ್‌ನಲ್ಲಿ ತಿದ್ದಿದರೂ ದಾಖಲಿಸುವುದು ಸರ್ವರ್. ಅದು ನಮ್ಮ ಹೆಸರನ್ನು ಬರೆದವರ ಜಾಗಕ್ಕೆ ತುಂಬದಿದ್ದರೆ, ಹತ್ತು ಜನರ ದುಡಿಮೆ ಒಂದೇ ಹೆಸರಿಗೆ ಸೇರುತ್ತದೆ. ಇನ್ನೊಂದು ಅಪಾಯವೂ ಇದೆ: ಗಿಟ್ ಬಳಸುವವರು ಆ ಜಾಗದಲ್ಲಿ ಯಾರ ಹೆಸರನ್ನಾದರೂ ಟೈಪ್ ಮಾಡಬಹುದು. ಡಿಜಿಟಲ್ ಸಹಿ ಇಲ್ಲದಿದ್ದರೆ ಗಿಟ್ ಅದನ್ನು ಪರೀಕ್ಷಿಸುವುದಿಲ್ಲ.

ಹಾಗಾದರೆ ಇತಿಹಾಸ ನೋಡಿ ಪ್ರಯೋಜನವಿಲ್ಲವೇ? ಖಂಡಿತ ಇದೆ. ಸ್ಕ್ರೀನ್‌ಶಾಟ್ ಬಂದಾಗ ಮೂರು ವಿಷಯ ನೋಡಿ:

1. ಆ ಸಾಲು ಪುಟದಲ್ಲಿ ಈಗಲೂ ಇದೆಯೇ?
2. ಅದು ಸೇರಿದ್ದು ಯಾವಾಗ? ವಿವಾದ ಎದ್ದ ದಿನವೇ ಸೇರಿದ್ದರೆ ಎಚ್ಚರ.
3. ಅದಕ್ಕೆ ಆಧಾರ ಕೊಟ್ಟಿದ್ದಾರೆಯೇ? ಆ ಆಧಾರದಲ್ಲಿ ನಿಜಕ್ಕೂ ಅದೇ ಮಾತಿದೆಯೇ?

ಒಟ್ಟಿನಲ್ಲಿ, ಇತಿಹಾಸದಲ್ಲಿರುವ ಹೆಸರು ತಿದ್ದುಪಡಿ ಯಾವ ಖಾತೆಯಿಂದ ಬಂತು ಎಂದು ಹೇಳುತ್ತದೆ. ಬರೆದದ್ದು ಸತ್ಯವೇ ಎಂದು ಹೇಳಬೇಕಾದದ್ದು ಆಧಾರ. ಅದು ಸಿಗುವವರೆಗೆ ಫಾರ್ವರ್ಡ್ ಮಾಡದಿರುವುದೇ ಒಳ್ಳೆಯದು.